ಪ್ರೆಸ್ಸಿಗೆ ಙ ಯಾಕ ಬೇಕು?

ಮೊನ್ನೆ ಮಹಾರಾಷ್ಟ್ರದ ಗಡಿಯೂರು ಗಡಹಿಂಗ್ಲಜದ ಮನೆಯಲ್ಲಿ ಟ್ರಂಕು ಜಾಡಿಸುವಾಗ ನನ್ನ ಹಳೆಯ ಅಂಕಲಿಪಿ ಸಿಕ್ಕಿತು. ರಟ್ಟು ಹೋಗಿದೆ, ಮೂಲೆಗಳನ್ನು ಇಲಿ ತಿಂದಿದೆ. ಆದರೆ ಮಗ್ಗಿಗಳ ಪುಟಗಳು ಮಾತ್ರ ಅಂಗಡಿಯಿಂದ ಈಗಷ್ಟೇ ತಂದ ಹಾಗಿವೆ. ಇದರ ಗುಟ್ಟು ಬೇರೆಯವರಿಗೆ ತಿಳಿಯಲಿಕ್ಕಿಲ್ಲ, ನನಗೆ ಗೊತ್ತು. ಆ ಪುಟಗಳನ್ನು ನಾನು ತೆರೆದದ್ದೇ ಕಡಿಮೆ.

ನಮ್ಮ ಅಜ್ಜನದು ಪೇಟೆಯಲ್ಲಿ ಬೆಲ್ಲದ ಅಂಗಡಿ. ಮೂವತ್ತರವರೆಗಿನ ಮಗ್ಗಿಯ ಮಾತು ಹಾಗಿರಲಿ, ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳೂ ಆತನಿಗೆ ಬಾಯಿಪಾಠ. ಒಂದೂಕಾಲರ ಮಗ್ಗಿಗೆ ಸವಾಯ್ಕಿ ಅನ್ನುತ್ತಿದ್ದ. ಅಂಗಡಿ ತುಂಬ ಜನ ನಿಂತಿರುವಾಗಲೇ ನನ್ನ ಕಡೆ ತಿರುಗಿ, "ಹದಿನೇಳ ಸವಾಯ್ಕಿ ಎಷ್ಟ, ಹೇಳು" ಎಂದು ಕೇಳುವುದು ಆತನ ಚಟ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಫ್ರಾಕಿನ ಮರೆಯಲ್ಲಿ ಬೆರಳು ಮಡಚುತ್ತ, ಹದಿನೇಳಕ್ಕೆ ಹದಿನೇಳರ ಕಾಲುಭಾಗ ಕೂಡಿಸಿ, ಬೆವತು, "ಇಪ್ಪತ್ತೊಂದೂಕಾಲು" ಎನ್ನುವಷ್ಟರಲ್ಲಿ ಚೀಲ ತೂಗಿಸಿಕೊಂಡವನು ಗಾಡಿ ಹತ್ತಿ ಹೋಗಿರುತ್ತಿದ್ದ.

"ಲೆಕ್ಕ ಬರತೈತಿ ನಿನಗ," ಎನ್ನುತ್ತಿದ್ದ ಅಜ್ಜ. "ಆದ್ರ ಗಿರಾಕಿ ಹೋದ ಮ್ಯಾಲ ಬರತೈತಿ."

"ಅಷ್ಟೆಲ್ಲಾ ತಲ್ಯಾಗ ಯಾಕ ತುಂಬಿಕೋಬೇಕ ಅಜ್ಜಾ? ಬೇಕಾದಾಗ ಕೂಡಿಸಿದ್ರಾತು."

ಹೀಗೆ ಎದುರಾಡಿದ್ದಕ್ಕೆ ತಲೆಗೊಂದು ಮೊಟಕು ಬೀಳುತ್ತಿತ್ತು. ಎಲ್ಲವನ್ನೂ ಬಾಯಿಪಾಠ ಮಾಡಿ ಥಟ್ಟನೆ ಹೇಳುವುದೋ, ತಲೆಯನ್ನು ಹಗುರ ಇಟ್ಟುಕೊಂಡು ಬೇಕಾದಾಗ ಲೆಕ್ಕ ಹಾಕುವುದೋ ಎಂಬ ಈ ಜಗಳ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ನಾನು ಆರಿಸಿಕೊಂಡ ಹೊಟ್ಟೆಪಾಡಿನಲ್ಲಿ ಬೆಳಗಾದರೆ ಇದೇ ಜಗಳ.

ನಾನು ಕರ್ನೆಲ್ ಬರೆಯುವವಳು. ಹಾಗಂದರೇನು ಎಂದು ನಮ್ಮ ಬೀಗರು ಕೇಳಿದಾಗಲೆಲ್ಲ ಗಡಹಿಂಗ್ಲಜದ ಎಸ್‌ಟಿ ಸ್ಟ್ಯಾಂಡಿನ ಕಂಟ್ರೋಲರನ ಉದಾಹರಣೆ ಕೊಡುತ್ತೇನೆ. ಆತ ಬಸ್ಸು ಓಡಿಸುವುದಿಲ್ಲ, ಟಿಕೀಟು ಹರಿಯುವುದಿಲ್ಲ. ಕಿಂಡಿಯ ಹಿಂದೆ ಕೂತು ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವುದು ಮೊದಲು ಹೊರಡಬೇಕು, ಯಾವುದು ಕಾಯಬೇಕು ಎಂದು ಹೇಳುತ್ತಾನೆ. ಆತ ಒಂದು ಕ್ಷಣ ಮೈಮರೆತರೆ ಇಡೀ ಸ್ಟ್ಯಾಂಡು ಹಾರ್ನು ಬಾರಿಸುತ್ತದೆ. ಯಂತ್ರದ ಚಿಪ್‌ನೊಳಗೆ ಆ ಕೆಲಸ ಮಾಡುವ ಬರವಣಿಗೆಯೇ ಕರ್ನೆಲ್. ಬೀಗರು ತಲೆಯಾಡಿಸಿ, "ಹಂಗಾರ ಸರಕಾರಿ ನೌಕರಿ ಇದ್ದಂಗಾತು" ಎಂದು ಸಮಾಧಾನಪಡುತ್ತಾರೆ.

ಸಣ್ಣ ಚಿಪ್‌ನಲ್ಲಿ ಜಾಗ ಸಣ್ಣದು. ಒಂದು ಕೆಲಸ ನಾಲ್ಕು ಕಡೆ ಬೇಕಾದರೆ ನಾಲ್ಕೂ ಕಡೆ ಅದನ್ನು ಬಿಡಿಸಿ ಬರೆದಿಡಬಹುದು, ಆಗ ಓಟ ಚುರುಕು, ಜಾಗ ಹೆಚ್ಚು. ಇಲ್ಲವೆ ಒಂದೇ ಕಡೆ ಬರೆದು ನಾಲ್ವರೂ ಅಲ್ಲಿಗೇ ಹೋಗಿ ಬರಲಿ ಅನ್ನಬಹುದು, ಆಗ ಜಾಗ ಉಳಿಯುತ್ತದೆ, ಹೋಗಿ ಬರುವುದರಲ್ಲಿ ಹೊತ್ತು ಹೋಗುತ್ತದೆ. ನಾನು ಮೊದಲಿನಿಂದ ಎರಡನೆಯ ಪಂಗಡ. ನನ್ನ ಕರ್ನೆಲ್ ಎಷ್ಟು ಚಿಕ್ಕದು ಎಂದು ಮದುವೆ ಮನೆಯಲ್ಲೂ ಹೇಳಿಕೊಂಡು ತಿರುಗಿದವಳು ನಾನು. ಕೇಳಿದವರು ಹೋಳಿಗೆಗೆ ತುಪ್ಪ ಬಂತೇ ಎಂದು ನೋಡುತ್ತಿದ್ದರು.

ಕೊಲ್ಹಾಪುರದ ಎರಡು ಕೋಣೆಗಳಲ್ಲಿ ನಮ್ಮ ಕಂಪನಿ. ಕಂಪನಿ ಎಂದರೆ ನಾನು ಮತ್ತು ನನ್ನ ಪಾಲುದಾರ ಬಸಣ್ಣ. ಆತ ಇಚಲಕರಂಜಿಯ ನೇಕಾರರ ಮನೆಯವನು, ಕಾಲೇಜಿನಿಂದಲೂ ನನ್ನ ಜೊತೆಗಾರ. ಚಿಪ್ ಕೂಡಿಸುವ ಬೋರ್ಡುಗಳನ್ನು ಅಲ್ಲೇ ತಮ್ಮ ಮಗ್ಗದ ಶೆಡ್ಡಿಗೆ ಅಂಟಿಕೊಂಡ ಕೋಣೆಯಲ್ಲಿ ಮಾಡುತ್ತಾನೆ. ಹುಟ್ಟಿದಾಗಿನಿಂದ ಪವರ್‌ಲೂಮಿನ ಸದ್ದಿನ ಮೇಲೆ ಮಾತಾಡಿ ರೂಢಿಯಾಗಿ, ಎದುರಿಗೆ ಕೂತವರೊಡನೆಯೂ ಕೂಗಿಯೇ ಮಾತಾಡುತ್ತಾನೆ. ಆತ ಚುರುಕಿನ ಪಂಗಡ. ದಪ್ಪ ಆದರೂ ಅಡ್ಡಿಯಿಲ್ಲ, ಓಡಬೇಕು ಎನ್ನುವವನು. ಹದಿನೈದು ವರ್ಷಗಳಿಂದ ನಾವು ಈ ವಿಷಯಕ್ಕೆ ಕಚ್ಚಾಡಿದ್ದೇವೆ, ಯಾರ ಮೈಗೂ ಗಾಯವಾಗಿರಲಿಲ್ಲ.

ಗಾಯವಾಗುವಂಥ ದಿನ ಬಂದದ್ದು ಶಿರೋಳಿಯಲ್ಲಿ. ಅದನ್ನೇ ಹೇಳಬೇಕೆಂದು ಕೂತಿದ್ದೇನೆ, ನೆಪಕ್ಕೆ ಅಂಕಲಿಪಿ ತೆಗೆದೆ.

ಕೊಲ್ಹಾಪುರಕ್ಕೆ ಅಂಟಿದ ಶಿರೋಳಿಯ ಒಂದು ಚಿಕ್ಕ ಕಾರ್ಖಾನೆಯಲ್ಲಿ ತಗಡು ಒತ್ತುವ ಹಳೆಯ ಪ್ರೆಸ್ ಇದೆ. ಡಾಯಿ ಎಂಬ ಅಚ್ಚಿನ ಮೇಲೆ ತಗಡು ಇಟ್ಟು ಪೆಡಲ್ ಒತ್ತಿದರೆ ಮೇಲಿನಿಂದ ಅದರ ತಲೆ ಇಳಿದು ಬಂದು ಪೆಟ್ಟು ಹಾಕುತ್ತದೆ. ತಗಡು ಯಾವುದು, ಬೆರಳು ಯಾವುದು ಎಂಬ ಭೇದ ಅದಕ್ಕಿಲ್ಲ. ಅಲ್ಲಿ ಮೊದಲು ಕೆಲಸಕ್ಕಿದ್ದ ಹೆಂಗಸೊಬ್ಬಳು ಎರಡು ಬೆರಳು ಕಳೆದುಕೊಂಡು ಮನೆ ಸೇರಿದ ಮೇಲೆ ಮಾಲಕರು ನಮ್ಮನ್ನು ಕರೆದರು. ನಾವು ಪ್ರೆಸ್ಸಿನ ಮುಂದೆ ಬೆಳಕಿನ ಬೇಲಿ ಹಾಕಿದೆವು. ಎರಡು ಕಂಬ, ಆ ಕಂಬದಿಂದ ಈ ಕಂಬಕ್ಕೆ ಕಣ್ಣಿಗೆ ಕಾಣದ ಹದಿನಾರು ಬೆಳಕಿನ ಗೆರೆ. ಕೈ ಅಡ್ಡ ಬಂದರೆ ಗೆರೆ ಕಡಿಯುತ್ತದೆ. ಕಡಿದದ್ದನ್ನು ನನ್ನ ಕರ್ನೆಲ್ ಗುರುತಿಸಿ, ತಲೆ ಕೆಳಗೆ ಮುಟ್ಟುವ ಮೊದಲು ಬ್ರೇಕ್ ಹಾಕಿಸಬೇಕು. ಪಕ್ಕದಲ್ಲಿ ಎಣಿಕೆ ಮತ್ತು ಸೂಚನೆ ತೋರಿಸಲು ಒಂದು ಪುಟ್ಟ ಪರದೆ.

ಆ ಪ್ರೆಸ್ಸಿನ ಮೇಲೆ ಈಗ ಇರುವವಳು ಶಾಂತಕ್ಕ. ವಯಸ್ಸು ಐವತ್ತರ ಹತ್ತಿರ, ತವರು ನಮ್ಮ ಗಡಹಿಂಗ್ಲಜದ ಹತ್ತಿರದ ಮಹಾಗಾಂವದ ಕಡೆ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ಕಿವಿಯಲ್ಲಿ ಹತ್ತಿ, ಸೊಂಟಕ್ಕೆ ಸಿಗಿಸಿದ ಒಂದು ಅರಿವೆ. ಬೇಲಿ ಹಾಕಿದ ಮೊದಲ ದಿನ ಆಕೆ ನಮ್ಮ ಮಾತು ನಂಬಲಿಲ್ಲ. ರಸ್ತೆಯಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದ ಟ್ರ್ಯಾಕ್ಟರಿನಿಂದ ಒಂದು ಕಬ್ಬು ಎಳೆದು ತಂದು, ಪೆಡಲ್ ಒತ್ತಿ, ಕೈ ಬದಲು ಕಬ್ಬನ್ನು ಒಳಗೆ ತೂರಿಸಿದಳು. ಪ್ರೆಸ್ ಗಕ್ಕನೆ ನಿಂತಿತು. ಕಬ್ಬಿಗೆ ಒಂದು ಗೀರೂ ಬೀಳಲಿಲ್ಲ. "ಆತ ಬಿಡ್ರಿ, ಇದಕ್ಕ ಕಣ್ಣ ಅದಾವ" ಎಂದು ಅದೇ ಕಬ್ಬನ್ನು ಸಿಗಿದು ತಿಂದಳು. ಅಂದಿನಿಂದ ಪ್ರತಿ ಮುಂಜಾನೆ ಕಬ್ಬು ತೂರಿಸಿ ನೋಡದೆ ಆಕೆ ಕೆಲಸಕ್ಕೆ ಕೂಡುವುದಿಲ್ಲ. ಕಬ್ಬಿನ ಹಂಗಾಮು ಮುಗಿದ ಮೇಲೆ ಜೋಳದ ದಂಟು.

ಇನ್ನೊಂದು ರೂಢಿ ಆಕೆಯದು. ಎಣಿಸುವುದು. ನಮ್ಮ ಕಡೆ ಕಣದಲ್ಲಿ ಕಾಳು ಅಳೆಯುವವರು ಒಂದು ಎನ್ನುವುದಿಲ್ಲ, ಲಾಭ ಎಂದು ಶುರು ಮಾಡುತ್ತಾರೆ. ಶಾಂತಕ್ಕನೂ ಪ್ರತಿ ಪೆಟ್ಟಿಗೂ "ಲಾಭ, ಎರಡ, ಮೂರ" ಎಂದು ತುಟಿಯಲ್ಲೇ ಎಣಿಸುತ್ತಿದ್ದಳು. ನೂರನೆಯ ಸಲ ಪೆಡಲ್ ಒತ್ತುವಾಗ ಆಕೆಯ ಎರಡೂ ಕೈ ಸೊಂಟದ ಅರಿವೆಗೆ ಹೋಗುತ್ತಿದ್ದವು. ಪೆಟ್ಟು ಬೀಳುವಷ್ಟರಲ್ಲಿ ಕೈ ಒರೆಸಿಕೊಂಡು ಎಣ್ಣೆಯ ಬುದ್ದಲಿ ಹಿಡಿದಿರುತ್ತಿದ್ದಳು. ನೂರಕ್ಕೊಮ್ಮೆ ಡಾಯಿಗೆ ಎಣ್ಣೆ ಹಾಕದಿದ್ದರೆ ಅದು ಕೆಡುತ್ತದೆ. ಇಪ್ಪತ್ತು ವರ್ಷಗಳ ರೂಢಿ ಅದು. ಉಳಿದ ಪೆಟ್ಟುಗಳಲ್ಲಿ ಆಕೆಯ ಎಡಗೈ ಬೇಲಿಯ ಹತ್ತಿರವೇ ಆಡುತ್ತಿರುತ್ತಿತ್ತು, ಇನ್ನೂ ತಲೆ ಮೇಲೇಳುವ ಮೊದಲೇ ತಗಡಿಗೆ ಕೈ ಚಾಚುವ ಅವಸರ. ದಿನಕ್ಕೆ ಎರಡು ಸಲವಾದರೂ ಬೇಲಿ ಆಕೆಯನ್ನು ಹಿಡಿದು ಪ್ರೆಸ್ ನಿಲ್ಲಿಸುತ್ತಿತ್ತು.

ಒಂದು ದಿನ ಆಕೆ ಪರದೆಯತ್ತ ಬೆರಳು ಮಾಡಿದಳು. ಪರದೆಯನ್ನು ಆಕೆ ಪಾಟಿ, ಅಂದರೆ ಫಲಕ, ಎನ್ನುತ್ತಿದ್ದಳು.

"ಬಾಯಾರ, ನಿಮ್ಮ ಪಾಟಿ ಮ್ಯಾಲಿನ ಮರಾಠಿ ನನಗ ಓದಾಕ ಬರೂದಿಲ್ಲಂತಲ್ಲ. ಬರತೈತಿ. ಆದ್ರ ತಡಾ ಆಕ್ಕೈತಿ. ಅಕ್ಕರಾ ಕೂಡಿಸಿ ಕೂಡಿಸಿ ಓದೂದ್ರಾಗ ಅದು ಅಳಿಸಿ ಹೋಗಿರತೈತಿ."

"ಕನ್ನಡದಾಗ ಇದ್ರ?"

"ಕನ್ನಡ ನಾ ಓದೂದಿಲ್ರಿ. ನೋಡತೇನಿ, ತಿಳೀತೈತಿ. ನಾಕನೇ ಇಯತ್ತಾ ತನಕ ಕನ್ನಡ ಸಾಲೀಗೆ ಹೋಗೇನಿ."

ನನಗೆ ಮೈಯೆಲ್ಲ ಉಬ್ಬಿ ಬಂತು. ಗಡಹಿಂಗ್ಲಜದಲ್ಲಿ ನಾನೂ ಕನ್ನಡ ಶಾಲೆಯವಳೇ. ಅಂಗಡಿಯ ಪಾಟಿ ಮರಾಠಿ, ಬಸ್ಸಿನ ಪಾಟಿ ಮರಾಠಿ, ಮನೆಯೊಳಗೆ ಕನ್ನಡ, ಅರ್ಧ ಜಗಳ ಇದರಲ್ಲಿ, ಅರ್ಧ ಅದರಲ್ಲಿ. ನಮಗೆ ಅದೇನೂ ದೊಡ್ಡ ಸಂಗತಿಯಲ್ಲ. ಆದರೂ ಒಂದು ಯಂತ್ರದ ಮೇಲೆ ನಮ್ಮ ಅಕ್ಷರ ನಾನು ಎಂದೂ ಕಂಡಿರಲಿಲ್ಲ. ಶಿರೋಳಿಯ ಪ್ರೆಸ್ಸಿನ ಮೇಲೆ ನಾನೇ ಅದನ್ನು ಮೂಡಿಸುತ್ತೇನೆ ಎಂದು ಹೊರಗೆ ಬರುವಷ್ಟರಲ್ಲೇ ನಿರ್ಧಾರ ಮಾಡಿಬಿಟ್ಟೆ.

ಕನ್ನಡ ಅಕ್ಷರಗಳು ಪುಕ್ಕಟೆ ಬರುವುದಿಲ್ಲ. ಒಂದೊಂದನ್ನೂ ಚುಕ್ಕಿ ಚುಕ್ಕಿಯಾಗಿ ಬಿಡಿಸಿ ಚಿಪ್‌ನಲ್ಲಿ ಇಡಬೇಕು. ತಲೆಕಟ್ಟು, ಕೊಂಬು, ಗುಡಿಸು, ಒತ್ತಕ್ಷರ, ಎಲ್ಲಕ್ಕೂ ಜಾಗ ಬೇಕು. ನಾನು ಅ ದಿಂದ ಳ ದ ತನಕ ಯಾವುದನ್ನೂ ಬಿಡಲಿಲ್ಲ. ಬಸಣ್ಣ ಪಟ್ಟಿ ನೋಡಿ ಇಚಲಕರಂಜಿಯಿಂದ ಫೋನಿನಲ್ಲಿ ಕೂಗಿದ.

"ಏ ತಾಯಿ, ಪ್ರೆಸ್ಸಿಗೆ ಙ ಯಾಕ ಬೇಕು?"

ಶಾಲೆಯಲ್ಲಿ ನಾನೂ ಒಮ್ಮೆ ಅಕ್ಕೋರನ್ನು ಕೇಳಿದ್ದೆ, ಙ ದ ಕೆಲಸ ಏನ್ರಿ ಎಂದು. "ಅದು ಸಾಲಿನ ತುದೀಗೆ ನಿಂತಿರತೈತಿ. ಅಷ್ಟ ಅದರ ಕೆಲಸ" ಎಂದಿದ್ದರು. ಬಸಣ್ಣನಿಗೆ ಅದನ್ನು ಹೇಳಿದರೆ ಕೇಳುವನೇ?

"ಅರ್ಧಾ ವರ್ಣಮಾಲಿ ನಾ ಹಾಕೂದಿಲ್ಲ," ಎಂದೆ. "ಕೊಡೂದಾದ್ರ ಪೂರಾ ಕೊಡಬೇಕು."

"ಪೂರಾ ಕೊಡಾಕ ಜಾಗಾ ಎಲ್ಲಿಂದ ತರತಿ? ಅಗಂ, ಚಿಪ್ ಬದಲಿ ಮಾಡಾಕ ಬರೂದಿಲ್ಲ. ಬೋರ್ಡ ಕೂಡ್ಸಿ ಆಗೇತಿ."

"ಕರ್ನೆಲ್ ಇನ್ನೂ ಸಣ್ಣದ ಮಾಡತೇನಿ."

ಬಸಣ್ಣ, ಅಪರೂಪಕ್ಕೆ ಮೆಲ್ಲಗೆ, "ಬೆಳಕಿನ ಕೆಲಸಕ್ಕ ಮಾತ್ರ ಕೈ ಹಚ್ಚಬ್ಯಾಡ. ಅದು ದಪ್ಪ ಇರ್ಲಿ" ಎಂದ.

"ಅಳದ ತೋರಸ್ತೇನಿ, ಆಮ್ಯಾಲ ಮಾತಾಡು" ಎಂದು ಫೋನ್ ಇಟ್ಟೆ.

ಕೈ ಹಚ್ಚಿದ್ದು ಅಲ್ಲಿಗೇ. ಬೇಲಿಯ ಸುದ್ದಿ ಚೂರುಚೂರಾಗಿ ಬರುತ್ತದೆ, ಅದನ್ನು ಸಾಲಾಗಿ ಜೋಡಿಸಬೇಕು. ಪಾಟಿಗೆ ಹೋಗುವ ಅಕ್ಷರವೂ ಚೂರುಚೂರಾಗಿ ಹೋಗುತ್ತದೆ, ಅದನ್ನೂ ಸಾಲಾಗಿ ಜೋಡಿಸಬೇಕು. ಈ ಜೋಡಿಸುವ ಕೆಲಸವನ್ನು ಮೊದಲು ಎರಡು ಕಡೆ ಬೇರೆಬೇರೆಯಾಗಿ ಬರೆದಿದ್ದೆ. ನಮ್ಮ ಮನೆತನದಲ್ಲಿ ಒಂದೇ ವಸ್ತು ಎರಡಿದ್ದರೆ ಯಾರಿಗೂ ಸಮಾಧಾನವಿರುವುದಿಲ್ಲ. ಅವ್ವನಿಗೂ ದೊಡ್ಡವ್ವನಿಗೂ ಸೇರಿ ಒಂದೇ ಒಳಕಲ್ಲು. ಹಬ್ಬದ ದಿನ ದೊಡ್ಡವ್ವ ಚಟ್ನಿ ಅರೆದು ಮುಗಿಸುವ ತನಕ ಅವ್ವ ಹೂರಣದ ಪಾತೇಲಿ ಹಿಡಿದುಕೊಂಡು ನಿಂತೇ ಇರುತ್ತಿದ್ದಳು. ಆ ನಿಂತ ಅವ್ವ ಅವತ್ತು ನನಗೆ ನೆನಪಾಗಬೇಕಿತ್ತು, ಆಗಲಿಲ್ಲ. ಎರಡನ್ನೂ ಒಂದು ಮಾಡಿದೆ. ಒಬ್ಬರು ಒಳಗಿದ್ದಾಗ ಇನ್ನೊಬ್ಬರು ನುಗ್ಗಬಾರದೆಂದು ಅಗಳಿ ಹಾಕಿದೆ. ಬೇಲಿಗಾಗಿ ಉತ್ತರಗಳನ್ನು ಮೊದಲೇ ಬರೆದಿಟ್ಟಿದ್ದ ಒಂದು ಕೋಷ್ಟಕವಿತ್ತು, ಅಜ್ಜನ ಮಗ್ಗಿಯ ಹಾಗೆ. ಅದನ್ನೂ ಕಿತ್ತು, ಬೇಕಾದಾಗ ಲೆಕ್ಕ ಹಾಕಿಕೊಳ್ಳಲಿ ಎಂದು ಬಿಟ್ಟೆ. ಜಾಗ ಸಿಕ್ಕಿತು. ಙ ಹಿಡಿಯಿತು.

ಕೊಲ್ಹಾಪುರದ ಕೋಣೆಯಲ್ಲಿ ಪೆನ್ಸಿಲನ್ನು ಬೇಲಿಗೆ ಅಡ್ಡ ಹಿಡಿದು ನೂರು ಸಲ ಅಳೆದೆ. ಕೂದಲೆಳೆಯಷ್ಟು ತಡ, ಅಷ್ಟೇ. ಬಸಣ್ಣನಿಗೆ ಅಂಕಿ ಕಳಿಸಿದೆ. ಆತ "ಹ್ಞೂಂ" ಎಂದ. ಹದಿನೈದು ವರ್ಷಗಳಲ್ಲಿ ಮೊದಲ ಸಲ ಗೆದ್ದೆ ಎಂದುಕೊಂಡು ಹೋಗಿ ಐಸ್‌ಕ್ರೀಮ್ ತಿಂದೆ.

ಮರುದಿನ ಮುಂಜಾನೆ ಶಿರೋಳಿ. ಶಾಂತಕ್ಕ ಮೂರು ಸಲ ಕಬ್ಬು ತೂರಿಸಿದಳು, ಮೂರು ಸಲವೂ ಪ್ರೆಸ್ ನಿಂತಿತು. ಎಣಿಕೆ ಸೊನ್ನೆಗೆ ತಂದು ಕೆಲಸ ಶುರು ಮಾಡಿದೆವು. ಪೆಡಲ್ ಒತ್ತಿದೊಡನೆ ಪಾಟಿಯ ಮೇಲೆ ಅಂಕಿ ಏರುತ್ತಿತ್ತು. ನೂರನೆಯದಕ್ಕೆ ಅಂಕಿ ಹೋಗಿ "ನೂರಾತು, ಎಣ್ಣಿ ಹಾಕ್ರಿ" ಎಂದು ಮೂಡಿತು. ಆಕೆಯ ಮಾತಿನಲ್ಲೇ ಬರೆದಿದ್ದೆ. ಕೈ ಒರೆಸಿಕೊಳ್ಳುತ್ತಿದ್ದ ಶಾಂತಕ್ಕ ಅದನ್ನು ನೋಡಿ ಬಾಯಿ ತುಂಬ ನಕ್ಕಳು. ಪಕ್ಕದ ಲೇಥಿನವನನ್ನು ಕರೆದು ತೋರಿಸಿದಳು. ಪ್ರತಿ ನೂರಾದ ಮೇಲೆ ಪಾಟಿ ಮತ್ತೆ ಒಂದರಿಂದ ಎಣಿಸುತ್ತಿತ್ತು. ಇನ್ನೂರಾಯಿತು, ಮುನ್ನೂರಾಯಿತು. ಮುನ್ನೂರಕ್ಕೆ ಪ್ರೆಸ್ ನಿಲ್ಲಿಸಿ ನನ್ನ ಹತ್ತಿರ ಬಂದಳು.

"ಬಾಯಾರ, ಮೂರ ಸಲ ಪರೀಕ್ಷಾ ಮಾಡೇನಿ. ನನ್ನ ಎಣಿಕಿಗೂ ನಿಮ್ಮ ಪಾಟೀಗೂ ಏನೂ ಫರಕ ಇಲ್ಲ. ಇನ್ನ ನಾ ಎಣಸೂದ ಬಿಡತೇನಿ. ಎಣಿಸಿ ಎಣಿಸಿ ಕನಸಿನ್ಯಾಗೂ ಎಣಸಾಕತ್ತೇನಿ ನೋಡ್ರಿ."

"ಬಿಡ್ರಿ ಶಾಂತಕ್ಕಾ," ಎಂದೆ ನಾನು. ನನ್ನ ಈ ಬಾಯಿಯಿಂದಲೇ ಎಂದೆ. "ಆರಾಮ ಕೆಲಸಾ ಮಾಡ್ರಿ."

ಗೋಡೆಗೆ ಹಾಕಿದ್ದ ಬೆಂಚಿನ ಮೇಲೆ ಕೂತು ಬಶಿಯಲ್ಲಿ ಚಹಾ ಸುರುವಿಕೊಂಡೆ. ಎಣಿಕೆಯ ಹೊರೆ ಇಳಿಸಿದ ಶಾಂತಕ್ಕನ ಕೈಗಳು ಮೊದಲಿಗಿಂತ ಬೇಗ ಓಡಾಡುತ್ತಿದ್ದವು. ಸಾಲು ಮೂಡಿದ ಸೊಗಸನ್ನು ನಾನು ಮನಸ್ಸಿನಲ್ಲಿ ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದೆ. ನೂ, ರಾ, ತು, ಒಂದರ ಹಿಂದೆ ಒಂದು, ಯಾರೋ ಕೂತು ಬರೆದ ಹಾಗೆ.

ಒಂದರ ಹಿಂದೆ ಒಂದು ಯಾಕೆ? ಸಾಲು ಒಮ್ಮೆಗೇ ಮೂಡಬೇಕಿತ್ತಲ್ಲ?

ಬಶಿ ತುಟಿಯ ಹತ್ತಿರವೇ ನಿಂತಿತು. ಅಕ್ಷರಗಳು ತಡವಾಗುತ್ತಿವೆ ಎಂದರೆ ಅವು ಆ ಜೋಡಿಸುವ ಕೋಣೆಯಲ್ಲಿ ಬಹಳ ಹೊತ್ತು ಇವೆ. ಅವು ಒಳಗಿರುವಷ್ಟು ಹೊತ್ತು ಅಗಳಿ ಬಿದ್ದಿರುತ್ತದೆ. ಅಗಳಿ ಬಿದ್ದಿದ್ದರೆ ಬೇಲಿಯ ಸುದ್ದಿ ಹೊರಗೆ ನಿಂತಿರುತ್ತದೆ. ಕೊಲ್ಹಾಪುರದಲ್ಲಿ ನಾನು ಅಳೆದಾಗ ಪಾಟಿಯ ಮೇಲೆ ಏನೂ ಬರೆಯುತ್ತಿರಲಿಲ್ಲ. ಮುಂಜಾನೆ ಕಬ್ಬು ತೂರಿಸಿದಾಗಲೂ ಸಾಲು ಬರೆಯುತ್ತಿರಲಿಲ್ಲ. ಪ್ರತಿ ಪೆಟ್ಟಿಗೆ ಬದಲಾಗುವುದು ಅಂಕಿ ಒಂದೆರಡು, ಅದಕ್ಕೆ ಎಷ್ಟು ಹೊತ್ತು? ಇಡೀ ಸಾಲು ಬರೆಯುವುದು ನೂರಕ್ಕೊಮ್ಮೆ. ನೂರನೆಯ ಪೆಟ್ಟು ಇಳಿಯುತ್ತಿರುವಾಗ ನನ್ನ ಯಂತ್ರ ಕಣ್ಣು ಮುಚ್ಚಿ ಕನ್ನಡ ಬರೆಯುತ್ತಿರುತ್ತದೆ.

ಪಾಟಿಯ ಮೇಲೆ ಎಪ್ಪತ್ತೊಂದು ಇತ್ತು.

ಆಗಲೇ ಎದ್ದಿದ್ದರೆ ಇದನ್ನು ನಿಮ್ಮ ಮುಂದೆ ನಾಚಿಕೆಯಿಲ್ಲದೆ ಹೇಳಬಹುದಿತ್ತು. ನಾನು ಏಳಲಿಲ್ಲ. ಪ್ರೆಸ್ ನಿಲ್ಲಿಸಿದರೆ ಮಾಲಕರು ಬರುತ್ತಾರೆ, ಯಾಕೆಂದು ಹೇಳಬೇಕು, ಬಸಣ್ಣನಿಗೂ ಹೇಳಬೇಕು. ಒಂದು ವೇಳೆ ನನ್ನ ಎಣಿಕೆ ತಪ್ಪಿದ್ದರೆ? ಇಷ್ಟಗಲ ಸಾಲಿಗೆ ಎಷ್ಟು ಅಕ್ಷರ, ಅಕ್ಷರಕ್ಕೆ ಎಷ್ಟು ಹೊತ್ತು, ತಲೆ ಇಳಿಯಲು ಎಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತ ಕೂತೆ. ನೋಡುತ್ತೇನೆ, ಬೆಂಚಿನ ಕೆಳಗೆ ನನ್ನ ಎಡಗೈಯ ಬೆರಳುಗಳು ತಾವಾಗಿ ಮಡಚಿಕೊಳ್ಳುತ್ತಿವೆ. ಎಂಬತ್ತಮೂರು. ಮತ್ತೊಮ್ಮೆ ಹಾಕಿದೆ. ಎಂಬತ್ತೊಂಬತ್ತು. ಎರಡು ಸಲವೂ ಉತ್ತರ ಒಂದೇ ಬಂತು. ತಲೆ ಮೊದಲು ಮುಟ್ಟುತ್ತದೆ, ಬ್ರೇಕ್ ಆಮೇಲೆ.

"ಶಾಂತಕ್ಕಾ!" ಎಂದು ಕೂಗಿದೆ. ಆಕೆಯ ಕಿವಿಯಲ್ಲಿ ಹತ್ತಿ. ನಡುವೆ ತಗಡಿನ ಕ್ರೇಟುಗಳ ಸಾಲು. ಬಶಿ ಎಲ್ಲಿ ಬಿತ್ತೋ ಗೊತ್ತಿಲ್ಲ. ತೊಂಬತ್ತನಾಲ್ಕು. ಒಂದು ಕ್ರೇಟು ಮೊಣಕಾಲಿಗೆ ಬಡಿಯಿತು. ತೊಂಬತ್ತಾರು. ಆಕೆಯ ಎಡಗೈ ಬೇಲಿಯ ಅಂಚಿನಲ್ಲೇ ಆಡುತ್ತಿತ್ತು, ಅರಿವೆಯ ಕಡೆ ಹೋಗುವ ಲಕ್ಷಣವೇ ಇರಲಿಲ್ಲ. ಯಾಕೆ ಹೋಗಬೇಕು? ಎಣಿಸಬೇಡಿ ಎಂದು ನಾನೇ ಹೇಳಿದ್ದೆನಲ್ಲ. ತೊಂಬತ್ತೆಂಟು. ತುರ್ತಿಗೆಂದು ಇಟ್ಟ ಕೆಂಪು ಗುಂಡಿಗೆ ಅಂಗೈಯಿಂದ ಹೊಡೆದೆ. ಪ್ರೆಸ್ ನಿಂತಿತು. ಪಾಟಿ ತೊಂಬತ್ತೊಂಬತ್ತು ಎಂದು ತೋರಿಸುತ್ತಿತ್ತು.

ಮಾಲಕರು ಆಫೀಸಿನಿಂದ ಓಡಿ ಬಂದು, "ಕಾಯ ಝಾಲಂ ಮ್ಯಾಡಮ್? ಕಾ ಬಂದ ಕೇಲಂ?" ಎಂದು, ಏನಾಯಿತು, ಯಾಕೆ ನಿಲ್ಲಿಸಿದಿರಿ ಎಂದು ಮರಾಠಿಯಲ್ಲಿ ಕೇಳಿದರು.

ಶಾಂತಕ್ಕ ಕಿವಿಯ ಹತ್ತಿ ತೆಗೆದಳು. "ಏನಾತ್ರಿ? ನನ್ನ ಕೈ ಒಳಗ ಹೋಗಿದ್ದಿಲ್ಲಲಾ."

"ಒಂದ ಕಬ್ಬ ಕೊಡ್ರಿ," ಎಂದೆ. "ನೀವು ಆ ಕಡೆ ಸರೀರಿ."

ಗುಂಡಿ ಬಿಡಿಸಿ, ಉದ್ದನೆಯ ಕಬ್ಬಿನ ತುದಿ ಹಿಡಿದು ದೂರ ನಿಂತೆ. ಕಾಲು ಚಾಚಿ ಪೆಡಲ್ ಒತ್ತಿದೆ, ಕಬ್ಬು ತೂರಿಸಿದೆ. ಚಟ್ ಎಂದಿತು, ಅಷ್ಟೇ. ಮುಷ್ಟಿಯಷ್ಟು ಕಬ್ಬು ಹಾಳೆಯಾಗಿ ಡಾಯಿಗೆ ಅಂಟಿಕೊಂಡಿತ್ತು. ರಸ ಮೇಜಿನಿಂದ ಇಳಿದು ಶಾಂತಕ್ಕನ ಸ್ಟೂಲಿನ ಮೇಲೆ ತೊಟ್ಟಿಕ್ಕಿತು. ಪಾಟಿಯ ಮೇಲೆ ಕಡೆಯ ಅಕ್ಷರ ಮೂಡಿ ಮುಗಿಯಿತು, "ನೂರಾತು, ಎಣ್ಣಿ ಹಾಕ್ರಿ". ಆಮೇಲೆ ಬ್ರೇಕ್ ಬಿತ್ತು.

ಶಾಂತಕ್ಕ ಆ ಕಬ್ಬನ್ನು ಮುಟ್ಟಿ ನೋಡಿದಳು.

"ಹಿಂದಿನ ಮೂರ ನೂರಕ್ಕೂ ಹಿಂಗ ಇತ್ತೇನ್ರಿ?"

"ಹೌದ್ರಿ."

"ಆವಾಗ ನನ್ನ ಕೈ ಅರಿವ್ಯಾಗ ಇದ್ದೂ." ಆಕೆ ಎಡಗೈ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. "ಈ ನಾಕನೇದ್ದಕ್ಕ..." ಎಂದಳು. ನಾನು ಕ್ರೇಟಿನ ಮೇಲೆ ಕೂತುಬಿಟ್ಟೆ. ಅಳು ಬಂತು. ಅಂಥ ಹೆದರಿಕೆಯನ್ನು ಅದಕ್ಕೂ ಮೊದಲು ನಾನು ಕಂಡಿರಲಿಲ್ಲ. ಕೊನೆಗೆ ಆಕೆಯೇ ನೀರು ತಂದು ಕೊಟ್ಟಳು.

ಮಾಲಕರಿಗೆ ಎಲ್ಲ ಹೇಳಿ, ಪ್ರೆಸ್ಸಿಗೆ ಬೀಗ ಹಾಕಿಸಿ, ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಇಚಲಕರಂಜಿಯ ಬಸ್ಸು ಹತ್ತಿದೆ. ಬಸಣ್ಣ ಬಾಯಿಬಿಟ್ಟು ಬೈಯುತ್ತಾನೆ ಎಂದುಕೊಂಡು ಹೋಗಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಆತ ಕಥೆ ಕೇಳಿ, ಕುರ್ಚಿ ಎಳೆದು, "ಏನೇನ ತಗೀತಿ, ತಗಿ" ಎಂದ. ಪಾಟಿ ಹೇಳುವುದೇ ಆರು ಮಾತು. ಅದಕ್ಕೆ ಬೇಕಾದ ಅಕ್ಷರಗಳನ್ನು ಗುರುತು ಮಾಡಿದರೆ ಒಂದು ಪೋಸ್ಟ್‌ಕಾರ್ಡಿನ ಮೂಲೆ ತುಂಬಲಿಲ್ಲ. ಉಳಿದವನ್ನೆಲ್ಲ ನನ್ನ ಕೈಯಾರೆ ಅಳಿಸಿದೆ. ಙ ಹೋಯಿತು, ಞ ಹೋಯಿತು, ಝ, ಢ, ಋ ಹೋದವು. ಖಾಲಿಯಾದ ಜಾಗಕ್ಕೆ ಬೇಲಿಯ ಹಳೆಯ ಬರವಣಿಗೆ ತಿರುಗಿ ಬಂತು, ದಪ್ಪಗೆ, ತನ್ನದೇ ಕೋಣೆಯೊಡನೆ, ಆ ಕೋಷ್ಟಕದೊಡನೆ. ಅಗಳಿ ತೆಗೆದೆವು. ಪಾಟಿ ಸಾಲು ಬರೆಯುತ್ತಿರುವಾಗಲೇ ಪೆನ್ಸಿಲ್ ಅಡ್ಡ ಹಿಡಿದು ಬಸಣ್ಣ ಇನ್ನೂರು ಸಲ ಅಳೆದ. ಒಂದೂ ತಪ್ಪಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಬಸಣ್ಣನ ಅಪ್ಪ ಹರಿದ ಎಳೆ ಗಂಟು ಹಾಕುತ್ತ, ಇಂದೇಕೆ ಇವರಿಬ್ಬರು ಜಗಳ ಆಡುತ್ತಿಲ್ಲ ಎಂದು ಎರಡು ಸಲ ಇಣುಕಿ ನೋಡಿ ಹೋದರು.

ಮರುದಿನ ನಾವಿಬ್ಬರೂ ಶಿರೋಳಿಗೆ ಹೋದೆವು. ಎಣಿಕೆಯನ್ನು ತೊಂಬತ್ತೊಂಬತ್ತಕ್ಕೆ ತಂದಿಟ್ಟು ನೂರನೆಯ ಪೆಟ್ಟಿಗೆ ಕಬ್ಬು ತೂರಿಸಿದೆವು. ಪ್ರೆಸ್ ನಿಂತಿತು. ಮತ್ತೆ ತೊಂಬತ್ತೊಂಬತ್ತು, ಮತ್ತೆ ಕಬ್ಬು. ಹತ್ತು ಕಬ್ಬು ಹಾಕಿದೆವು. ಹತ್ತೂ ಹೇಗೆ ಹೋದವೋ ಹಾಗೆ ಹೊರಗೆ ಬಂದವು. ಮಾಲಕರು "ಛಾನ್, ಛಾನ್" ಎಂದು ಚಹಾ ತರಿಸಿದರು. ಬಸಣ್ಣ ನನ್ನ ಬೆನ್ನಿಗೊಂದು ಗುದ್ದಿದ.

ಶಾಂತಕ್ಕ ಅಲ್ಲಿಯ ತನಕ ಕಂಬಕ್ಕೆ ಆನಿಕೊಂಡು ನೋಡುತ್ತಿದ್ದಳು. ಆಮೇಲೆ ಬಂದು ಸ್ಟೂಲು ಒರೆಸಿ ಕೂತಳು. ಕಿವಿಗೆ ಹತ್ತಿ ಇಟ್ಟುಕೊಳ್ಳುವ ಮೊದಲು ನನ್ನನ್ನು ಕೇಳಿದಳು.

"ಹಂಗಾರ ಬಾಯಾರ, ಇನ್ನ ಎಣಸೂದ ಬಿಡ್ಲ್ಯಾ?"

ಬಸಣ್ಣ ಇನ್ನೂರು ಸಲ ಅಳೆದಿದ್ದ. ಹತ್ತು ಕಬ್ಬು ಕಣ್ಣ ಮುಂದೆ ಬಿದ್ದಿದ್ದವು. ಬಿಡ್ರಿ ಎನ್ನಬಹುದಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

"ಬಿಡಬ್ಯಾಡ್ರಿ, ಶಾಂತಕ್ಕಾ," ಎಂದೆ.

ಆಕೆಯ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಸೊಂಟದ ಅರಿವೆಯನ್ನು ಬಿಗಿಯಾಗಿ ಸಿಗಿಸಿಕೊಂಡು, ತಗಡು ಇಟ್ಟು, ಪೆಡಲ್ ಮೇಲೆ ಕಾಲಿಟ್ಟಳು.

"ಲಾಭ" ಎಂದಳು.

"ಎರಡ" ಎಂದೆ ನಾನು.